ದುಷ್ಯಂತನಿಗೆ ರಥ ಬೇಕೇ?

ಪ್ರಶ್ನೆ: ನಮ್ಮ ಸಂಘದವರು ಮಾಟುಂಗಾದಲ್ಲಿ ‘ಶಾಕುಂತಲ’ ಆಡಬೇಕೆಂದಿದ್ದೇವೆ. ಕಾಡಿನ ಪರದೆ ಬರೆಸಿ, ರಥ ಮಾಡಿಸಿ ಎನ್ನುತ್ತಾರೆ ಹಿರಿಯರು. ಕಾಳಿದಾಸನ ಕಾಲದಲ್ಲೂ ಇದೆಲ್ಲ ಇತ್ತೇ?
– ಓದುಗರು, ಡೊಂಬಿವಲಿ

ಉತ್ತರ: ತೆರೆ ಇತ್ತು, ಕಾಡು ಬರೆದ ಪರದೆ ಇರಲಿಲ್ಲ. ಅದು ಹತ್ತೊಂಬತ್ತನೆಯ ಶತಮಾನದ ನಾಟಕ ಕಂಪನಿಗಳ ಕೊಡುಗೆ. ಮುಂಬಯಿಯ ಪಾರ್ಸಿ ನಾಟಕದವರ ಪಾಲು ಅದರಲ್ಲಿ ದೊಡ್ಡದು. ಭರತಮುನಿಯ ನಾಟ್ಯಶಾಸ್ತ್ರದ ಮಧ್ಯಮ ನಾಟ್ಯಗೃಹ 64 ಮೊಳ ಉದ್ದ, 32 ಮೊಳ ಅಗಲ. ಅರ್ಧ ಪ್ರೇಕ್ಷಕರಿಗೆ, ಉಳಿದರ್ಧ ರಂಗಕ್ಕೂ ನೇಪಥ್ಯಕ್ಕೂ. ಇದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದು, ಮುಖದ ಭಾವ ಕಾಣದು ಎಂದು ಭರತನೇ ಎಚ್ಚರಿಸುತ್ತಾನೆ. ಪಾತ್ರ ರಂಗದ ಮೇಲೆ ಒಂದು ಸುತ್ತು ಬಂದರೆ ಸ್ಥಳ ಬದಲಾಯಿತೆಂದೇ ಲೆಕ್ಕ. ‘ಪರಿಕ್ರಮ್ಯ’ ಎಂಬ ಸೂಚನೆ ಅದಕ್ಕೇ.

ರಥವೂ ಅಷ್ಟೆ, ಅಭಿನಯದ್ದು. ಮೊದಲ ಅಂಕದಲ್ಲಿ ದೊರೆ, ದೂರಕ್ಕೆ ಸಣ್ಣದಾಗಿ ಕಂಡದ್ದು ತಟ್ಟನೆ ದೊಡ್ಡದಾಗುತ್ತಿದೆ ಎನ್ನುತ್ತಾನೆ. ಪಕ್ಕದಲ್ಲಿ ಅಲುಗಾಡದ ಪ್ಲೈವುಡ್ ರಥ ನಿಂತಿದ್ದರೆ ಆ ಮಾತು ನಗೆಪಾಟಲು! ದಯವಿಟ್ಟು ರಥ ಬಿಡಿ. ಸಾರಥಿ ಲಗಾಮು ಹಿಡಿದಂತೆ ಮುಂದೆ, ದೊರೆ ಎರಡು ಹೆಜ್ಜೆ ಹಿಂದೆ. ಇಬ್ಬರ ಮೈಯೂ ಒಂದೇ ಲಯದಲ್ಲಿ ಕುಲುಕಿದರೆ ಸಾಕು.

ಹಿರಿಯರ ಆಸೆಗೂ ಬೇರು ಇದೆಯೆನ್ನಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಮರಾಠಿಯ ‘ಸಂಗೀತ ಶಾಕುಂತಲ’ ಆಡಿದ ಮೇಲೆ ಈ ನಾಟಕವೆಂದರೆ ಹಾಡಿನ ಸುಗ್ಗಿ. ಹಾಡು ಇಟ್ಟುಕೊಳ್ಳಿ.

ಪರದೆ ಬೇಕೇಬೇಕೆಂದರೆ ಒಂದೇ ಇರಲಿ. ಸುರುಳಿ ಪರದೆಯ ಅಡಿಗೆ ಬಿದಿರು ಹಾಕಬೇಡಿ: ಅದು ಸ್ವಲ್ಪ ಸೊಟ್ಟಗಿದ್ದರೂ ಬಟ್ಟೆ ಓರೆಯಾಗಿ ಸುತ್ತಿಕೊಂಡು ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಯೂಮಿನಿಯಂ ಕೊಳವೆ ಹಾಕಿ, ಎರಡೂ ಹಗ್ಗ ಒಂದೇ ದಪ್ಪ, ಒಂದೇ ಉದ್ದ ಇರಲಿ. ಅಂಟಿನಲ್ಲಿ ಕಲಸಿದ ಬಣ್ಣ ಇಲ್ಲಿಯ ಮಳೆಗಾಲಕ್ಕೆ ತೇವ ಹೀರಿ ಉದುರುತ್ತದೆ. ಅಕ್ರಿಲಿಕ್ ತೆಳ್ಳಗೆ ಬಳಿಸಿ. ನಟರು ಪರದೆಯಿಂದ ನಾಲ್ಕಡಿ ಮುಂದೆಯೇ ನಿಲ್ಲಲಿ, ಇಲ್ಲದಿದ್ದರೆ ಕಣ್ವರ ನೆರಳು ಹಿಮಾಲಯದ ಮೇಲೆ ಬೀಳುತ್ತದೆ. ಪರದೆಗೆ ಪಕ್ಕದಿಂದ ಬೆಳಕು ಬೇಡ, ನೆರಿಗೆಗಳೆಲ್ಲ ಎದ್ದು ಕಾಣುತ್ತವೆ.

ಪ್ರಶ್ನೆ: ಮುಂದೆ ಇದನ್ನೇ ಪೃಥ್ವಿ ಥಿಯೇಟರಿನಲ್ಲಿ ಆಡಬಹುದೇ?

ಉತ್ತರ: ಪರದೆ ಬಿಟ್ಟು ಬಂದರೆ ಆಡಬಹುದು. 1978ರಲ್ಲಿ ತೆರೆದ ಜುಹೂವಿನ ಆ ರಂಗಕ್ಕೆ ಮೂರು ಬದಿ ಪ್ರೇಕ್ಷಕರು. ಪಕ್ಕದಲ್ಲಿ ಕೂತವರಿಗೆ ಬರೆದ ಕಾಡು ಓರೆಯಾಗಿ, ಬರೀ ಬಟ್ಟೆಯಾಗಿ ಕಾಣುತ್ತದೆ. ಪ್ರವೇಶಕ್ಕೆ ಯಕ್ಷಗಾನದಂತೆ ಇಬ್ಬರು ಹಿಡಿಯುವ ತೆರೆ ಸಾಕು. ಆದರೆ ತೆರೆಯ ಹಿಂದೆ ಅಡಗಿದ ಶಕುಂತಲೆ ಪಕ್ಕದವರಿಗೆ ಮೊದಲೇ ಕಂಡುಬಿಡುತ್ತಾಳೆ. ಅದಕ್ಕೆ ತೆರೆಯನ್ನು ನೇರ ಹಿಡಿಯದೆ, ಎರಡು ತುದಿಯನ್ನೂ ಅವಳ ಕಡೆಗೆ ಬಾಗಿಸಿ ಹಿಡಿಯಲು ಹೇಳಿ.