ಇಬ್ಬರಿಗೆ ಒಂದೇ ಹಾಳೆ

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆಯುತ್ತಾರೆ: "ಪಕ್ಕದ ಮನೆಯ ಯಹೂದಿ ಕುಟುಂಬದವರು ಶುಕ್ರವಾರ ರಾತ್ರಿಯ ಊಟಕ್ಕೆ ಕರೆದಿದ್ದರು. ಊಟ ಮುಗಿಯುತ್ತಲೇ ನೆರೆದವರೆಲ್ಲ ಇಬ್ಬಿಬ್ಬರಾಗಿ ಕೂತು, ಹಾಳೆಯೊಂದನ್ನು ಓದುತ್ತ ಗಟ್ಟಿ ದನಿಯಲ್ಲಿ ವಾದಕ್ಕಿಳಿದರು. ಅವರ ಗುರು, ರಬ್ಬಿ, ಅಲ್ಲೇ ಸುಮ್ಮನೆ ಓಡಾಡಿಕೊಂಡಿದ್ದರು. ಬಲ್ಲವರು ಬಾಯಿ ಮುಚ್ಚಿಕೊಂಡು, ಅರೆಬರೆ ತಿಳಿದವರು ಗದ್ದಲ ಮಾಡುವುದು ಎಂಥ ಕಲಿಕೆ? ನಮ್ಮ ಉಪನ್ಯಾಸವೇ ಮೇಲಲ್ಲವೆ?"

ಒಳ್ಳೆಯ ಉಪನ್ಯಾಸ ಹೊಸಬರಿಗೆ ದಾರಿ ತೋರಿಸುತ್ತದೆ, ಒಪ್ಪಿದೆ. ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಲ್ಲೂ ಪ್ರವಚನ ಉಂಟು. ಆದರೆ ನೀವು ಗದ್ದಲವೆಂದು ತಳ್ಳಿಹಾಕಿದ್ದಕ್ಕೆ ಅವರಲ್ಲಿ ಹವ್ರೂತಾ ಎಂಬ ಹೆಸರಿದೆ. ಜೋಡಿಯಾಗಿ ಓದುವುದಕ್ಕೂ ಶುಕ್ರವಾರದ ರಾತ್ರಿಗೂ ಹಳೆಯ ನಂಟೊಂದಿದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಯಹೂದಿ ಕಟ್ಟಳೆಗಳ ಗ್ರಂಥ ಮಿಶ್ನಾ, ಶುಕ್ರವಾರ ಸಂಜೆಗೆ ಶುರುವಾಗುವ ವಿರಾಮದ ದಿನವಾದ ಸಬ್ಬತ್ತಿನ ರಾತ್ರಿ ದೀಪದ ಬೆಳಕಿನಲ್ಲಿ ಓದಬಾರದು ಎನ್ನುತ್ತದೆ. ಓದಿನಲ್ಲಿ ಮೈಮರೆತವನು ಬೆಳಕು ಮಂಕಾದಾಗ ಎಣ್ಣೆ ಬತ್ತಿಗೆ ಸರಿಯಲೆಂದು ಹಣತೆಯನ್ನು ವಾಲಿಸಿಬಿಟ್ಟಾನು. ಬೆಂಕಿ ಹೊತ್ತಿಸುವುದು ಅಂದು ನಿಷಿದ್ಧ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮೂದು ಇದಕ್ಕೆ ಒಂದು ವಿನಾಯಿತಿ ಕೊಟ್ಟಿದೆ: ಒಂದೇ ವಿಷಯವನ್ನು ಇಬ್ಬರು ಕೂಡಿ ಓದುವುದಾದರೆ ಓದಬಹುದು, ಒಬ್ಬ ಮರೆತರೆ ಇನ್ನೊಬ್ಬ ಎಚ್ಚರಿಸುತ್ತಾನೆ. "ನಾನು ಓದುತ್ತೇನೆ, ವಾಲಿಸುವುದಿಲ್ಲ" ಎಂದು ಒಬ್ಬನೇ ಕೂತವನು ರಬ್ಬಿ ಯಿಷ್ಮಾಯೇಲ್ ಬೆನ್ ಎಲೀಶಾ. ರಬ್ಬಿ ನಾತಾನ್ ಹೇಳುವ ಪ್ರಕಾರ ಅವನು ವಾಲಿಸಿಯೇಬಿಟ್ಟ. ನಾಶವಾಗಿದ್ದ ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿದಾಗ ಪ್ರಾಯಶ್ಚಿತ್ತದ ಬಲಿ ಕೊಡುತ್ತೇನೆಂದು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಜಾರಿದವನು ಅರೆಬರೆ ತಿಳಿದವನಲ್ಲ, ಪಂಡಿತ!

ಇನ್ನು ನೀವು ಕಂಡ ಹಾಳೆಯ ವಿಚಾರ. ಯಹೂದಿಗಳ ಮೂಲ ಧರ್ಮಗ್ರಂಥ ತೋರಾ 54 ಭಾಗಗಳಾಗಿ ವರ್ಷದಲ್ಲಿ ಒಂದು ಸುತ್ತು ಓದಿ ಮುಗಿಯುತ್ತದೆ. ಆ ವಾರದ ಭಾಗದಿಂದ ಒಂದು ವಾಕ್ಯ, ಅದಕ್ಕೆ ಒಂದಕ್ಕೊಂದು ಒಪ್ಪದ ಎರಡು ವ್ಯಾಖ್ಯಾನ, ಇಷ್ಟು ಸಾಕು. ಜಲಪ್ರಳಯದಿಂದ ಪಾರಾದ ನೋಹನನ್ನೇ ನೋಡಿ. ಅವನು "ತನ್ನ ಕಾಲದವರಲ್ಲಿ" ನೀತಿವಂತ ಎಂದಿದೆ. "ತನ್ನ ಕಾಲದವರಲ್ಲಿ" ಎಂದು ಯಾಕೆ ಸೇರಿಸಬೇಕಿತ್ತು? ಕೆಟ್ಟವರ ನಡುವೆ ಮಾತ್ರ ಒಳ್ಳೆಯವನು, ಬೇರೆ ಕಾಲದಲ್ಲಾಗಿದ್ದರೆ ಅಲ್ಲ ಎಂದ ರಬ್ಬಿ ಯೋಹಾನಾನ್. ಅಂಥವರ ನಡುವೆಯೇ ಒಳ್ಳೆಯವನಾಗಿ ಉಳಿದವನು ಬೇರೆ ಕಾಲದಲ್ಲಿ ಇನ್ನೆಷ್ಟು ದೊಡ್ಡವನಾಗುತ್ತಿದ್ದ ಎಂದ ರೇಷ್ ಲಾಕಿಷ್. ಹನ್ನೊಂದನೆಯ ಶತಮಾನದ ರಾಷಿ ತನ್ನ ವ್ಯಾಖ್ಯಾನದಲ್ಲಿ ಹೊಗಳಿಕೆ, ತೆಗಳಿಕೆ ಎರಡನ್ನೂ ಕೊಟ್ಟು, ಇದೇ ಸರಿ ಎಂದು ತೀರ್ಪು ಹೇಳದೆ ಮುಂದೆ ಹೋದ.

ಯೋಹಾನಾನ್, ರೇಷ್ ಲಾಕಿಷ್ ಇಬ್ಬರೂ ಮೂರನೆಯ ಶತಮಾನದವರು; ಗೆಳೆಯರು, ಭಾವ–ಮೈದುನ. ಜಗಳವಾಡಿ ಮುನಿಸಿಕೊಂಡಿದ್ದಾಗಲೇ ರೇಷ್ ಲಾಕಿಷ್ ತೀರಿಹೋದ. ಯೋಹಾನಾನನ ದುಃಖ ಕಡಿಮೆಯಾಗಲೆಂದು ಎಲಾಜಾರ್ ಬೆನ್ ಪೆದಾತ್ ಎಂಬ ಚುರುಕು ವಿದ್ವಾಂಸನನ್ನು ಜೊತೆಗೆ ಕೂರಿಸಿದರು. ಅವನೋ ಮಾತುಮಾತಿಗೂ "ನಿಮ್ಮ ಮಾತಿಗೆ ಆಧಾರವಿದೆ" ಎನ್ನುತ್ತಿದ್ದ. ಯೋಹಾನಾನ್ ರೇಗಿಬಿಟ್ಟ: ರೇಷ್ ಲಾಕಿಷ್ ನನ್ನ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ನಾನು ಸರಿಯೆಂದು ನನಗೇ ಗೊತ್ತಿಲ್ಲವೆ? ಎದುರಾಡುವವನಿಲ್ಲದ ಆ ಕೊರಗಿನಲ್ಲೇ ಅವನು ಬುದ್ಧಿ ಕಳೆದುಕೊಂಡು ಸತ್ತ. ತಲೆದೂಗುವ ಸಭೆಯನ್ನು ಕಲಿಕೆಯೆಂದು ನಂಬಿದವರೆಲ್ಲ ಓದಬೇಕಾದ ಕಥೆ ಇದು.

ಇದನ್ನು ನಡೆಸಲು ತಯಾರಿ ಬೇಕು. ನಿಯಮ ಪಾಲಿಸುವ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲೇ ದೀಪ ಹಚ್ಚಿಬಿಡುತ್ತಾರೆ. ಆಮೇಲೆ ಬರೆಯುವಂತಿಲ್ಲ, ಹರಿಯುವಂತಿಲ್ಲ, ಫೋನು, ಸ್ವಿಚ್ಚು ಮುಟ್ಟುವಂತಿಲ್ಲ. ಹಾಳೆಗಳು ಹಗಲಲ್ಲೇ ಅಚ್ಚಾಗಿರಬೇಕು. ಲೈಟಿನ ಟೈಮರನ್ನು ಬೇಗ ಆರುವಂತೆ ಇಟ್ಟರೆ ವಾದದ ನಡುವೆಯೇ ಕತ್ತಲು. ತಲೆಗೊಂದು ಹಾಳೆ ಕೊಟ್ಟರೆ ಒಬ್ಬೊಬ್ಬರೂ ತಮ್ಮಷ್ಟಕ್ಕೆ ಓದಿ ಮುಗಿಸುತ್ತಾರೆ. ಇಬ್ಬರಿಗೆ ಒಂದೇ ಕೊಟ್ಟರೆ ತಲೆಗಳು ಹತ್ತಿರ ಬರುತ್ತವೆ. ಒಬ್ಬರು ಗಟ್ಟಿಯಾಗಿ ಓದಿ ವಾಕ್ಯಕ್ಕೊಮ್ಮೆ ನಿಲ್ಲಿಸಬೇಕು. ಇನ್ನೊಬ್ಬರು ಅದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಭಿನ್ನಾಭಿಪ್ರಾಯವೆಲ್ಲ ಆಮೇಲೆ, ಅದೂ ಸಾಲಿನ ಮೇಲೆ ಬೆರಳಿಟ್ಟು. ಹೆಚ್ಚು ಬಲ್ಲವರೇ ಓದಿ ಅವರೇ ವಿವರಿಸಿದರೆ ಜೋಡಿ ಕೆಟ್ಟಂತೆ. ಮೂವರಾದರೆ ಮೂರನೆಯವರು ಸಾಮಾನ್ಯವಾಗಿ ಮೌನಿ. ಆಧಾರಗಳು ಐದಾರಾದರೆ ಯಾವುದೂ ತಳ ಮುಟ್ಟುವುದಿಲ್ಲ. ಇಪ್ಪತ್ತು ನಿಮಿಷ ದಾಟಿದರೆ ಮಾತು ರಾಜಕೀಯಕ್ಕೆ ಜಾರುತ್ತದೆ. ನಿಮ್ಮ ರಬ್ಬಿ ಓಡಾಡುತ್ತಿದ್ದದ್ದು ಇದನ್ನೆಲ್ಲ ಗಮನಿಸಲಿಕ್ಕೆ. ಅವರು ಬಾಯಿಬಿಟ್ಟಿದ್ದರೆ ಇಡೀ ಕೋಣೆ ಅವರತ್ತ ತಿರುಗಿ ಕೂರುತ್ತಿತ್ತು.

ಇನ್ನು ನಮ್ಮ ಉಪನ್ಯಾಸವೇ ಮೇಲೆಂಬ ಮಾತು. ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಹಾರ, ಶಾಲು, ಅಧ್ಯಕ್ಷರ ನುಡಿ, ಕೊನೆಗೆ "ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ." ಎರಡು ಗಂಟೆ ಕೂತವರು ಬಾಯಿ ತೆರೆಯುವುದು ಕಾಫಿಗೆ ಮಾತ್ರ. ಎದುರು ಅರ್ಥಧಾರಿ ಇಲ್ಲದೆ ತಾಳಮದ್ದಳೆ ನಡೆಯದೆಂದು ಕರಾವಳಿಯ ಮಕ್ಕಳಿಗೂ ಗೊತ್ತು. ಅದೇ ನಾಡಿನಲ್ಲಿ ಸಾಹಿತ್ಯದ ಸಭೆಗೆ ಎದುರುಮಾತು ಅಪಚಾರವಾಗಿ ಕೂತಿದೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಹುಡುಗಿಯನ್ನು "ಮೊದಲು ಓದಿಕೊಂಡು ಬಾರಮ್ಮ" ಎಂದು ಕೂರಿಸುವವರಿಗೆ ಅವಳು ಓದಿಯೇ ಕೇಳಿದಳೆಂಬುದು ಹೊಳೆಯುವುದೇ ಇಲ್ಲ.

ನೀವು ಕಣ್ಣಿಟ್ಟು ನೋಡಿದ್ದೀರಿ, ಬೇಸರವಾದರೂ ಕೂತು ನೋಡಿದ್ದೀರಿ. ಅದು ಎಲ್ಲರಿಗೂ ಆಗುವುದಲ್ಲ. ಮತ್ತೆ ಕರೆದರೆ ಹೋಗಿ, ಗೋಡೆಗೊರಗಿ ಕೂರಬೇಡಿ, ಜೋಡಿಯಿಲ್ಲದವರು ಯಾರೆಂದು ಕೇಳಿ ಅವರ ಪಕ್ಕ ಕೂರಿ. ನಿಮ್ಮೂರಿನ ಕನ್ನಡ ಕೂಟದವರಿಗೂ ಹೇಳಿ: ಅಲ್ಲಮನ ಒಂದು ವಚನ, ಒಂದಕ್ಕೊಂದು ಒಪ್ಪದ ಎರಡು ಟಿಪ್ಪಣಿ, ಇಪ್ಪತ್ತು ಜನಕ್ಕೆ ಹತ್ತೇ ಪ್ರತಿ. ಮೈಕು ಬೇಡ.

—ಸಂ.