ರಾಯಚೂರಿನ ಬೇಸಿಗೆ ರಾತ್ರಿಯನ್ನು ಜಾಕ್ಸನ್ ಗೋಸುಂಬೆ ತಾಳುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ಗೆಳೆಯರೊಬ್ಬರು ಊರು ಬಿಡುತ್ತಿದ್ದಾರೆ, ತಾವು ಸಾಕಿದ ಜಾಕ್ಸನ್ ಗೋಸುಂಬೆಯನ್ನು ನಿಮಗೆ ಕೊಡುತ್ತೇನೆ ಅಂದಿದ್ದಾರೆ, ಅದಕ್ಕೆ ರಾತ್ರಿ ತಂಪು ಬೇಕು ಅಂತಲೂ ಹೇಳಿದ್ದಾರೆ. ರಾಯಚೂರಿನಲ್ಲಿ ಮೇಲಿನ ಮಹಡಿಯ ನಿಮ್ಮ ಮನೆಗೆ ಒಂದು ಕೂಲರ್ ತಂದರೆ ಸಾಕೇ?

ಸಾಲದು. ಬೇಸಿಗೆಯಲ್ಲಷ್ಟೇ ಅಲ್ಲ, ರಾತ್ರಿ ತಂಪಾಗದ ತಿಂಗಳುಗಳಲ್ಲೆಲ್ಲ ರಾತ್ರಿಯಿಡೀ ಎ.ಸಿ. ಓಡಿಸುವ ಅನುಕೂಲ ಇರಬೇಕು, ಕರೆಂಟ್ ಹೋದಾಗ ಏನು ಮಾಡಬೇಕು ಅನ್ನುವುದು ಮೊದಲೇ ತಯಾರಿರಬೇಕು. ಇವೆರಡೂ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ನಾನು ಬಳ್ಳಾರಿಯವನು. ನಮ್ಮ ಮನೆಯಲ್ಲಿ ಯೆಮೆನ್ ಮೂಲದ ವೇಲ್ಡ್ ಗೋಸುಂಬೆ ಇದೆ. ಚಿಕ್ಕಪ್ಪನ ಮಗ ತನ್ನ ಜಾಕ್ಸನ್ ಗಂಡನ್ನು ಒಂದು ಬೇಸಿಗೆ ನನ್ನ ಹತ್ತಿರ ಬಿಟ್ಟು ಹೋಗಿದ್ದ. ಎರಡನ್ನೂ ಒಂದೇ ಸೂರಿನಡಿ ನೋಡಿದ್ದರಿಂದ ಅವುಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಹಗಲಿನ ಸೆಖೆಯನ್ನು ಎರಡೂ ಹೇಗೋ ಕಳೆಯುತ್ತಿದ್ದವು. ಜಾಕ್ಸನ್‌ಗೆ ಕಷ್ಟವಾಗುತ್ತಿದ್ದದ್ದು ರಾತ್ರಿ.

ಜಾಕ್ಸನ್ ಗೋಸುಂಬೆ ಕೀನ್ಯಾ ಮತ್ತು ತಾಂಜಾನಿಯಾದ ಬೆಟ್ಟಗಳದ್ದು. ಮೌಂಟ್ ಕೀನ್ಯಾದ ಇಳಿಜಾರಿನ ಕಾಡು ಅದರ ತವರು. ಭೂಮಧ್ಯರೇಖೆ ಅಲ್ಲೇ ಹಾದುಹೋಗುತ್ತದೆ, ಆದರೂ ಎತ್ತರದ ಜಾಗವಾದ್ದರಿಂದ ಹೊತ್ತು ಮುಳುಗಿದ ಮೇಲೆ ಥಂಡಿ ಇಳಿಯುತ್ತದೆ, ಬೆಳಗಿನ ಜಾವ ಮಂಜು ಕವಿಯುತ್ತದೆ. ಸಾಕಿದ ಜಾಕ್ಸನ್‌ಗೆ ಹಗಲು 21ರಿಂದ 26 ಡಿಗ್ರಿ ಸೆಲ್ಸಿಯಸ್, ಬಿಸಿಲು ಕಾಯಿಸುವ ಟೊಂಗೆಯ ಮೇಲೆ 28ರ ಸುತ್ತಮುತ್ತ, ರಾತ್ರಿ 10ರಿಂದ 18 ಡಿಗ್ರಿ ಇರಬೇಕು. 20ರವರೆಗೆ ಹೇಗೋ ನಡೆಯುತ್ತದೆ. ಈಗ ನಮ್ಮ ಕಡೆಯ ಮೇ ತಿಂಗಳನ್ನು ನೆನೆಸಿಕೊಳ್ಳಿ: ಹಗಲು 40 ದಾಟುತ್ತದೆ, ರಾತ್ರಿ ಎಷ್ಟೇ ಇಳಿದರೂ 26ರ ಆಸುಪಾಸು.

ಗೋಸುಂಬೆಯ ಮೈ ತನ್ನಷ್ಟಕ್ಕೆ ತಾನೇ ಬಿಸಿಯಾಗುವುದಿಲ್ಲ, ತಣ್ಣಗೂ ಆಗುವುದಿಲ್ಲ. ಸುತ್ತಲ ಗಾಳಿ ಎಷ್ಟು ಬಿಸಿಯೋ ಮೈಯೂ ಅಷ್ಟು. ಬೆವರುವುದೂ ಇಲ್ಲ. ರಾತ್ರಿ ತಂಪಾದರೆ ಒಳಗಿನ ಕೆಲಸಗಳೆಲ್ಲ ನಿಧಾನವಾಗಿ ಗಾಢ ನಿದ್ದೆ ಹತ್ತುತ್ತದೆ, ಮೈಯಲ್ಲಿನ ನೀರು ಉಳಿಯುತ್ತದೆ. ರಾತ್ರಿಯೂ ಬೆಚ್ಚಗಿದ್ದರೆ ಹಗಲಿನಂತೆಯೇ ಶಕ್ತಿ ಖರ್ಚಾಗುತ್ತಾ ಹೋಗುತ್ತದೆ, ನೀರೂ ಆರುತ್ತದೆ. ಒಂದೆರಡು ರಾತ್ರಿಯಲ್ಲಿ ಏನೂ ಕಾಣಿಸುವುದಿಲ್ಲ. ವಾರಗಟ್ಟಲೆ ಹಾಗೇ ಹೋದರೆ ಮೇವು ಬಿಡುತ್ತದೆ, ಕಣ್ಣು ಗುಳಿ ಬೀಳುತ್ತದೆ, ಹಿಕ್ಕೆಯ ಜೊತೆ ಬರುವ ಬಿಳಿ ಗಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಿತ್ತಳೆ ಬಂದರೆ ನೀರು ಕಡಿಮೆಯಾಗಿದೆ ಅಂತಲೇ ಅರ್ಥ.

ಒಂದು ರಾತ್ರಿ ಕರೆಂಟ್ ಹೋಗಿ ಎ.ಸಿ. ನಿಂತಿತ್ತು. ಹನ್ನೊಂದರ ಮೇಲೆ ಟಾರ್ಚನ್ನು ಬಟ್ಟೆಯಲ್ಲಿ ಮುಚ್ಚಿ ಪಂಜರ ನೋಡಿದೆ. ಸಾಮಾನ್ಯವಾಗಿ ಆ ಹೊತ್ತಿಗೆ ಜಾಕ್ಸನ್ ತೆಳ್ಳನೆ ಟೊಂಗೆಯ ತುದಿಗೆ ಹೋಗಿ, ಬಾಲವನ್ನು ಸುರುಳಿ ಸುತ್ತಿ, ಮೈಬಣ್ಣ ತಿಳಿಯಾಗಿ ಕಣ್ಣು ಮುಚ್ಚಿರುತ್ತಿತ್ತು. ಅವತ್ತು ಪಂಜರದ ತಳದಲ್ಲಿ, ಕುಂಡದ ಅಂಚಿಗೆ ಅಂಟಿಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕಣ್ಣು ನನ್ನ ಕಡೆ, ಇನ್ನೊಂದು ಗೋಡೆ ಕಡೆ. "ಅಣ್ಣಾ, ಇದ್ಯಾಕ ಬಾಯಿ ತೆಗದೈತಿ?" ಅಂತ ನನ್ನ ತಂಗಿ ಗಾಬರಿಯಾದಳು. ಮೀಟರಿನಲ್ಲಿ 29 ಇತ್ತು. ನಮಗೆ ಫ್ಯಾನ್ ಇದ್ದರೆ ನಿದ್ದೆ ಹತ್ತುವ ರಾತ್ರಿ ಅದು. ಕರೆಂಟ್ ಬಂದು ಎ.ಸಿ. ಓಡಿ ಕೋಣೆ ತಣ್ಣಗಾದ ಮೇಲೆ ಮೆಲ್ಲಗೆ ಮೇಲೇರಿ ತನ್ನ ಟೊಂಗೆ ಹಿಡಿಯಿತು.

ಇನ್ನು ಕೂಲರ್ ವಿಚಾರ. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಗಾಳಿ ಒಣಗಿದಷ್ಟೂ ಅದರ ಕೆಲಸ ಜೋರು. ಮಧ್ಯಾಹ್ನ ಹೊರಗೆ 41 ಡಿಗ್ರಿ ಇದ್ದು ತೇವಾಂಶ ಶೇ 20 ಇದ್ದರೆ, ಒಳ್ಳೆಯ ಪ್ಯಾಡ್ ಇರುವ ಕೂಲರಿನ ಬಾಯಲ್ಲಿ 27ರ ಹತ್ತಿರದ ಗಾಳಿ ಬರುತ್ತದೆ. 14 ಡಿಗ್ರಿ ಇಳಿಯಿತು, ದೊಡ್ಡ ಕೆಲಸವೇ. ರಾತ್ರಿ ಹೊರಗೆ 28ಕ್ಕೆ ಇಳಿದು ತೇವಾಂಶ ಶೇ 55ಕ್ಕೆ ಏರಿದರೆ ಅದೇ ಕೂಲರ್ 23ರ ಹತ್ತಿರದ ಗಾಳಿ ಕೊಡುತ್ತದೆ, ಅಂದರೆ 5 ಡಿಗ್ರಿ ಮಾತ್ರ ಇಳಿತ. ಅದೂ ಕೂಲರಿನ ಬಾಯಲ್ಲಿ. ಕೋಣೆಯಲ್ಲಿ ಇನ್ನೊಂದೆರಡು ಡಿಗ್ರಿ ಜಾಸ್ತಿಯೇ ಇರುತ್ತದೆ. ಜೂನ್‌ನಲ್ಲಿ ಮೋಡ ಕಟ್ಟಿ ಗಾಳಿ ಒದ್ದೆಯಾದರೆ ಅಷ್ಟೂ ಇಲ್ಲ. ಹೀಗಾಗಿ ಹಗಲಿನ ಉರಿಗೆ ಕೂಲರ್ ಒಳ್ಳೆಯದು, ಕಿಟಕಿ ತೆರೆದಿಟ್ಟು ಧಾರಾಳವಾಗಿ ಬಳಸಿ. ಜಾಕ್ಸನ್‌ಗೆ ಬೇಕಾದ 18 ಡಿಗ್ರಿಗೆ ಅದು ರಾತ್ರಿ ಮುಟ್ಟಿಸಲಾರದು.

ನಿಮ್ಮದು ಮೇಲಿನ ಮಹಡಿ ಅನ್ನುವುದು ಇನ್ನೊಂದು ತೊಡಕು. ಆರ್‌ಸಿಸಿ ಸ್ಲ್ಯಾಬ್ ಹಗಲಿಡೀ ಕುಡಿದ ಬಿಸಿಯನ್ನು ನಡುರಾತ್ರಿ ದಾಟಿದರೂ ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ಹೊರಗೆ 28 ಇದ್ದಾಗ ಒಳಗೆ 32 ಇರುವುದು ನಮ್ಮಲ್ಲಿ ಸಾಮಾನ್ಯ. ಮಾಳಿಗೆಗೆ ಸುಣ್ಣ ಬಳಿಸಿ, ಸ್ವಲ್ಪ ಇಳಿಯುತ್ತದೆ. ಕೆಳಗಿನ ಮನೆಯಲ್ಲಿ ಉತ್ತರ ಅಥವಾ ಪೂರ್ವ ಗೋಡೆಯ ಚಿಕ್ಕ ಕೋಣೆ ಸಿಕ್ಕರೆ ಅದೇ ಉತ್ತಮ, ಎ.ಸಿ.ಗೂ ಹೊರೆ ಕಡಿಮೆ. ಹಳ್ಳಿಯಲ್ಲಿ ಹಿರಿಯರ ಜಂತಿಮನೆ ಇದೆ, ಅಲ್ಲಿಟ್ಟರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಮಣ್ಣಿನ ಮಾಳಿಗೆ, ದಪ್ಪ ಗೋಡೆ ಹಗಲು ನಿಜವಾಗಿಯೂ ತಂಪು. ಆದರೆ ಅದರ ಹಗಲಿಗೂ ರಾತ್ರಿಗೂ ಅಂತರ ಕಡಿಮೆ. ಜಾಕ್ಸನ್‌ಗೆ ಬೇಕಾಗಿರುವುದೇ ಆ ಅಂತರ. ನಾವು ಮಲಗುವ ಹಾಗೆ ಪಂಜರವನ್ನೂ ಮಾಳಿಗೆ ಮೇಲೆ ಇಡೋಣ ಅನ್ನುವ ಯೋಚನೆ ಬೇಡ. ಬೆಕ್ಕು, ಇಲಿ, ಇರುವೆಗಳ ಕಾಟ ಬೇರೆ, ಅಲ್ಲಿ ಸಿಗುವುದೂ ಅದೇ 26.

ಎ.ಸಿ. ಇದ್ದರೆ ಸಂಜೆ ದೀಪ ಆರಿಸುವ ಹೊತ್ತಿಗೆ 18ಕ್ಕೆ ಇಡಿ. ಗಾಳಿ ನೇರವಾಗಿ ಪಂಜರಕ್ಕೆ ಬಡಿಯಬಾರದು. ಗಾಜಿನ ತೊಟ್ಟಿ ಬೇಡವೇ ಬೇಡ, ನಾಲ್ಕೂ ಕಡೆ ಜಾಲರಿ ಇರುವ, ನಾಲ್ಕಡಿ ಎತ್ತರದ ಪಂಜರ ಬೇಕು. ಜಾಲರಿಯಾದರೆ ಕೋಣೆಯ ಗಾಳಿಯೇ ಪಂಜರದ ಗಾಳಿ. ಎ.ಸಿ. ಗಾಳಿಯನ್ನು ಒಣಗಿಸುತ್ತದಾದ್ದರಿಂದ ಮಲಗುವ ಮೊದಲು ಎಲೆಗಳಿಗೆಲ್ಲ ಚೆನ್ನಾಗಿ ನೀರು ಚಿಮುಕಿಸಿ, ಬೆಳಗಿನ ಜಾವ ಮತ್ತೊಮ್ಮೆ. ರಾತ್ರಿ ಯಾವ ದೀಪವೂ ಬೇಡ, ಕೆಂಪು ಬಲ್ಬೂ ಬೇಡ. ಚಳಿಗಾಲದಲ್ಲಿ ನಮ್ಮ ರಾತ್ರಿ ತಾನಾಗಿಯೇ ಇಳಿಯುತ್ತದೆ, ಆಗ ಕಿಟಕಿ ತೆರೆದಿಟ್ಟರೆ ಸಾಕು. ಪಾಪ ಚಳಿ ಆಗುತ್ತದೆ ಅಂತ ಹೀಟರ್ ಹಾಕಬೇಡಿ.

ಕರೆಂಟ್ ಹೋದರೆ ಮನೆಯ ಸಾಮಾನ್ಯ ಇನ್ವರ್ಟರ್ ಎ.ಸಿ.ಯನ್ನು ಎಳೆಯುವುದಿಲ್ಲ. ಅದಕ್ಕೆ ಫ್ರೀಜರಿನಲ್ಲಿ ನೀರು ತುಂಬಿದ ಎರಡು ಲೀಟರ್ ಬಾಟಲಿಗಳು ಸದಾ ಗಟ್ಟಿಯಾಗಿರಲಿ. ಪಂಜರದ ಮೇಲಿನ ಜಾಲರಿಯ ಒಂದು ಅರ್ಧಕ್ಕೆ ಒದ್ದೆ ಹತ್ತಿ ಬಟ್ಟೆ ಹಾಸಿ, ಬಾಟಲಿಗಳನ್ನು ಅದರ ಮೇಲೆ ಮಲಗಿಸಿ. ತಂಪು ಗಾಳಿ ಭಾರ, ಕೆಳಗೆ ಇಳಿಯುತ್ತದೆ. ಇನ್ನರ್ಧ ಬಿಟ್ಟಿರಬೇಕು, ಬೇಡವಾದರೆ ಅದು ಆ ಕಡೆ ಸರಿಯಲಿ. ಒಂದೆರಡು ಗಂಟೆಗೆ ಇದು ಆಸರೆ, ಇಡೀ ಬೇಸಿಗೆಗೆ ಅಲ್ಲ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನಮ್ಮ ಒಣ ಹವೆಯಲ್ಲಿ ತಂಪಿನಷ್ಟೇ ಮುಖ್ಯ ಇದು. ಗೋಸುಂಬೆ ಬಟ್ಟಲಿನ ನೀರನ್ನು ಮುಟ್ಟುವುದಿಲ್ಲ. ಎಲೆಯ ಮೇಲಿನ ಹನಿ ಮಿನುಗಬೇಕು, ಆಗ ನಾಲಿಗೆ ಚಾಚಿ ನೆಕ್ಕುತ್ತದೆ. ನಾನು ಬಳಸುವುದು ಮೆಡಿಕಲ್ ಶಾಪಿನ ಹೊಸ ಸಲೈನ್ ಸೆಟ್. ಪಂಜರದ ಮೇಲೆ ನೀರಿನ ಬಾಟಲಿ ತಲೆಕೆಳಗಾಗಿ ತೂಗುಹಾಕಿ, ಕೊಳವೆಯ ತುದಿಯನ್ನು ಅಗಲ ಎಲೆಯ ಮೇಲೆ ಬಿಟ್ಟು, ಚಕ್ರ ತಿರುಗಿಸಿ ಸೆಕೆಂಡಿಗೆ ಒಂದು ಹನಿ ಬೀಳುವ ಹಾಗೆ ಮಾಡಿದರೆ ಮುಗಿಯಿತು. ಮನಿಪ್ಲಾಂಟ್, ದಾಸವಾಳ ಎರಡನ್ನೂ ಒಳಗೆ ಇಟ್ಟಿದ್ದೇನೆ. ದಾಸವಾಳದ ಎಲೆಯಿಂದ ಹನಿ ಚೆನ್ನಾಗಿ ಜಾರುತ್ತದೆ. ಕೆಳಗೊಂದು ಬಕೆಟ್ ಇರಲಿ. ಬೋರ್ ನೀರು ಎಲೆಯ ಮೇಲೆ ಬಿಳಿ ಕಲೆ ಬಿಡುತ್ತದೆ, ಹಾಗಾಗಿ ಫಿಲ್ಟರ್ ನೀರು ಹಾಕಿ. ಕೊಳವೆಯಲ್ಲಿ ಪಾಚಿ ಕಟ್ಟುವ ಮೊದಲೇ ಸೆಟ್ ಬದಲಾಯಿಸಿ.

ಮೇವಿಗೆ ಮಿಡತೆ, ಕ್ರಿಕೆಟ್ ಹುಳು, ರೇಷ್ಮೆ ಹುಳು ಆಗುತ್ತವೆ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಿ. ರೇಷ್ಮೆ ಹುಳುವಿನಲ್ಲಿ ನೀರಿನಂಶ ಜಾಸ್ತಿ, ಬೇಸಿಗೆಗೆ ಬಹಳ ಒಳ್ಳೆಯದು. ಹಿಪ್ಪುನೇರಳೆ ಬೆಳೆಯುವ ರೈತರು ಪರಿಚಯವಿದ್ದರೆ ಔಷಧಿ, ಸುಣ್ಣ ಹಾಕದ ಹುಳು ಕೇಳಿ ತನ್ನಿ. ಹತ್ತಿ, ಮೆಣಸಿನಕಾಯಿ, ಭತ್ತದ ಹೊಲದ ಮಿಡತೆಯನ್ನು ಮಾತ್ರ ಯಾವತ್ತೂ ಹಿಡಿದು ಹಾಕಬೇಡಿ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಆ ಬೆಳೆಗಳಿಗೆ ಎಷ್ಟು ಕ್ರಿಮಿನಾಶಕದ ಎಣ್ಣೆ ಹೊಡೆಯುತ್ತಾರೆ ಅನ್ನುವುದು ನಿಮಗೂ ಗೊತ್ತು. ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ, ಹಗಲು ಹನ್ನೆರಡು ಗಂಟೆ ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಆ ಕಿರಣ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ಬಿಸಿ ಬಲ್ಬನ್ನು ಪೂರ್ತಿ ಆರಿಸಿಬಿಡಿ.

ಕಾಗದಪತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಜಾಕ್ಸನ್ ಗೋಸುಂಬೆ ಸೈಟಿಸ್ ಒಪ್ಪಂದದ (ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2024ರಲ್ಲಿ ಬಂದ ನಿಯಮದ ಪ್ರಕಾರ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಗೆಳೆಯರ ಹೆಸರಲ್ಲಿ ನೋಂದಣಿ ಆಗಿದೆಯೇ ಅಂತ ಮೊದಲು ಕೇಳಿ. ಆಗಿಲ್ಲವಾದರೆ ಅದು ಸರಿಯಾಗುವವರೆಗೆ ತರಬೇಡಿ.

ಇಷ್ಟೆಲ್ಲ ರಗಳೆ ಯಾಕೆ, ನಮ್ಮ ಹೊಲದ ಬೇಲಿಯಲ್ಲೇ ಗೋಸುಂಬೆ ಇದೆಯಲ್ಲ, ಇಲ್ಲಿನ ಬಿಸಿಲಿಗೆ ಒಗ್ಗಿದ್ದು, ಅದನ್ನೇ ಸಾಕೋಣ ಅಂತ ಅನ್ನಿಸಬಹುದು. ಅದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಪಾಡಿದೆ, ಹಿಡಿಯುವುದೂ ಸಾಕುವುದೂ ಅಪರಾಧ. ನೋಡುವ ಆಸೆಯಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಜಾಲಿ ಬೇಲಿಗಳ ಪಕ್ಕ ಬೆಳಿಗ್ಗೆ ನಿಧಾನವಾಗಿ ನಡೆಯಿರಿ. ಮೊಟ್ಟೆಯಿಡಲು ಹೆಣ್ಣು ನೆಲಕ್ಕಿಳಿದು ರಸ್ತೆ ದಾಟುವುದು ಆಗಲೇ. ಅಪಶಕುನ, ವಿಷ ಅಂತ ಕಲ್ಲು ಹೊಡೆಯುವವರು ಕಂಡರೆ ದಯವಿಟ್ಟು ತಡೆಯಿರಿ. ಅದಕ್ಕೆ ವಿಷವೇ ಇಲ್ಲ.

ನಿಮಗೆ ಸಾಕುವ ಆಸೆಯೇ ಗಟ್ಟಿಯಾಗಿದ್ದು ಎ.ಸಿ. ಅನುಕೂಲ ಇಲ್ಲವಾದರೆ ವೇಲ್ಡ್ ಗೋಸುಂಬೆ ಬಗ್ಗೆ ಯೋಚಿಸಿ. ಅದಕ್ಕೂ ರಾತ್ರಿ ಇಳಿತ ಬೇಕು, ಆದರೆ 22–24ಕ್ಕೆ ಹೊಂದಿಕೊಳ್ಳುತ್ತದೆ. ನಮ್ಮದು ಕೆಳಗಿನ ಕೋಣೆಯಲ್ಲಿ, ಕೂಲರ್ ಜೊತೆ ಬೇಸಿಗೆ ಕಳೆಯುತ್ತದೆ. ನೋಂದಣಿ ಅದಕ್ಕೂ ಬೇಕು.

ಗೆಳೆಯರಿಗೆ ಉತ್ತರ ಕೊಡುವ ಮೊದಲು ಒಂದು ಕೆಲಸ ಮಾಡಿ. ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ತಂದು, ಪಂಜರ ಇಡಬೇಕೆಂದಿರುವ ಜಾಗದಲ್ಲೇ ವಾರಪೂರ್ತಿ ತೂಗುಹಾಕಿ, ಎ.ಸಿ. ಇದ್ದರೆ ಅದನ್ನು ಓಡಿಸಿಯೇ. ಪ್ರತಿದಿನ ಬೆಳಿಗ್ಗೆ ಕಡಿಮೆಯ ಅಂಕಿ ಬರೆದಿಡಿ. 20ರ ಒಳಗೆ ಬಂದರೆ ಜಾಕ್ಸನ್ ತರಬಹುದು, ಅದೂ ನವೆಂಬರ್ ನಂತರ, ಹಗಲಿನ ಬಸ್ಸಿನಲ್ಲಿ ಬೇಡ, ರಾತ್ರಿ ಪ್ರಯಾಣದಲ್ಲಿ. ಬರದಿದ್ದರೆ ಮಡಿಕೇರಿ, ಚಿಕ್ಕಮಗಳೂರಿನ ಕಡೆ ಯಾರಾದರೂ ಸಾಕುವವರನ್ನು ಹುಡುಕಿ ಅಂತ ಗೆಳೆಯರಿಗೆ ಹೇಳಿ. ಅಲ್ಲಿ ಕಿಟಕಿ ತೆರೆದರೆ ಸಿಗುವ ತಂಪಿಗೆ ನಾವಿಲ್ಲಿ ರಾತ್ರಿಯಿಡೀ ಮಷಿನ್ ಓಡಿಸಬೇಕು.