‘ಮಾಡಕೂಡದು’ ಬೇರೆ, ‘ಮಾಡಬೇಕಾಗಿಲ್ಲ’ ಬೇರೆ: ವ್ಯಾಕರಣ ಲೇಖನ ಕಳುಹಿಸಿದವರಿಗೆ ಒಂದು ಉತ್ತರ

ಮಾನ್ಯರೇ,

ಇಂಗ್ಲಿಷಿನ ಮೋಡಲ್ ಮತ್ತು ಸೆಮಿ ಮೋಡಲ್ ಕ್ರಿಯಾಪದಗಳನ್ನು, ಅಂದರೆ ಮಾಡಬಹುದು, ಮಾಡಬೇಕು, ಮಾಡಬಲ್ಲೆ ಎಂಬಂಥ ಅರ್ಥ ಕೊಡುವ ಸಹಾಯಕ ಕ್ರಿಯಾಪದಗಳನ್ನು, ಪರಿಚಯಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಪ್ರೌಢಶಾಲೆಯಲ್ಲಿ ಪಾಠ ಹೇಳುವ ನೀವು ಕನ್ನಡ ಮಾಧ್ಯಮದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ, ಬರಹ ತಿಳಿಯಾಗಿದೆ, ಕ್ಯಾನ್, ಕುಡ್‌ನಿಂದ ಹಿಡಿದು ಮಸ್ಟ್‌ವರೆಗಿನ ಒಂಬತ್ತು ಮೋಡಲ್‌ಗಳಲ್ಲಿ ಯಾವುದನ್ನೂ ಬಿಟ್ಟಿಲ್ಲ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಏಕೆಂಬುದನ್ನು ಬಿಚ್ಚಿ ಹೇಳುವುದು ನನ್ನ ಕರ್ತವ್ಯ.

ಮೂರನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಇವು ಸಹಾಯಕ ಕ್ರಿಯಾಪದಗಳಷ್ಟೇ ಆದ್ದರಿಂದ ಒಂದರ ಬದಲು ಇನ್ನೊಂದು ಬಂದರೂ ಒಟ್ಟು ಅರ್ಥಕ್ಕೆ ಧಕ್ಕೆಯಿಲ್ಲ.’ ಈ ಒಂದು ವಾಕ್ಯ ನನ್ನನ್ನು ನಿಜಕ್ಕೂ ಕೆರಳಿಸಿತು. ನಮ್ಮ ಸಂವಿಧಾನದ 74ನೇ ವಿಧಿಯನ್ನೇ ನೋಡಿ. ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕು ಎಂಬುದನ್ನು ಅದರ ಇಂಗ್ಲಿಷ್ ಪಠ್ಯದೊಳಗೆ ಸ್ಪಷ್ಟವಾಗಿ ತಂದದ್ದು 1976ರ 42ನೇ ತಿದ್ದುಪಡಿ ಸೇರಿಸಿದ ‘ಶಲ್’. ಎರಡು ವರ್ಷಗಳ ನಂತರ, 1978ರ 44ನೇ ತಿದ್ದುಪಡಿ, ಸಲಹೆಯನ್ನು ಮರುಪರಿಶೀಲಿಸುವಂತೆ ರಾಷ್ಟ್ರಪತಿಯವರು ಕೇಳಬಹುದು ಎನ್ನುವಲ್ಲಿ ‘ಮೇ’ ಇಟ್ಟಿತು. ಮರುಪರಿಶೀಲನೆಯ ಬಳಿಕ ಬಂದ ಸಲಹೆಯಂತೆ ನಡೆಯಲೇಬೇಕು ಎನ್ನುವಲ್ಲಿ ಮತ್ತೆ ‘ಶಲ್’ ಇಟ್ಟಿತು. ಆ ‘ಮೇ’ ಮತ್ತು ‘ಶಲ್’ ತಮ್ಮ ಸ್ಥಳಗಳನ್ನು ಅದಲುಬದಲು ಮಾಡಿಕೊಂಡರೆ ದೇಶದ ಆಡಳಿತದ ಏರ್ಪಾಡೇ ಬದಲಾಗುತ್ತದೆ. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವವರು 1997ರಲ್ಲಿ, ತಮ್ಮ ದಾಖಲೆಗಳಲ್ಲಿ ಮಸ್ಟ್, ಶುಡ್, ಮೇ ಎಂದರೆ ಏನೇನು ಎಂದು ವಿವರಿಸುವುದಕ್ಕಾಗಿಯೇ ಒಂದು ಪ್ರತ್ಯೇಕ ದಾಖಲೆ ಹೊರಡಿಸಿದರು. ಧಕ್ಕೆಯಿಲ್ಲದ ಪದಗಳಿಗಾಗಿ ಯಾರೂ ಅಷ್ಟು ಶ್ರಮ ಪಡುವುದಿಲ್ಲ.

ಈ ಉದಾಸೀನದ ಫಲ ನಿಮ್ಮ ಕೋಷ್ಟಕದಲ್ಲಿ ಕಾಣುತ್ತದೆ. ‘ಕಡ್ಡಾಯದ ನಿಷೇಧರೂಪ’ ಎಂಬ ಒಂದೇ ಮನೆಯಲ್ಲಿ ನೀವು ‘ಮಸ್ಟ್ ನಾಟ್’, ‘ನೀಡ್ ನಾಟ್’, ‘ಡೋಂಟ್ ಹ್ಯಾವ್ ಟು’ ಮೂರನ್ನೂ ಸೇರಿಸಿದ್ದೀರಿ. ಕೆಳಗಿನ ಉದಾಹರಣೆಗಳನ್ನು ಒಂದೊಂದಾಗಿ ನೋಡೋಣ.

‘ಯು ಮಸ್ಟ್ ನಾಟ್ ಪೇ ದ ಫೀಸ್ ಟುಡೇ’ ಎಂಬುದಕ್ಕೆ ‘ನೀನು ಈ ದಿನ ಶುಲ್ಕ ಕಟ್ಟಬೇಕಾಗಿಲ್ಲ’ ಎಂದು ಅರ್ಥ ಕೊಟ್ಟಿದ್ದೀರಿ. ಅಲ್ಲ. ಆ ಇಂಗ್ಲಿಷ್ ವಾಕ್ಯ ಶುಲ್ಕ ಕಟ್ಟುವುದನ್ನೇ ತಡೆಯುತ್ತದೆ: ಈ ದಿನ ಕಟ್ಟಕೂಡದು. ನೀವು ಹೇಳಬಯಸಿದ್ದು ‘ಯು ಡೋಂಟ್ ಹ್ಯಾವ್ ಟು ಪೇ’ ಅಥವಾ ‘ಯು ನೀಡ್ ನಾಟ್ ಪೇ’. ಎರಡನೆಯ ಉದಾಹರಣೆ ಇದಕ್ಕಿಂತ ಅಪಾಯಕರ. ‘ಯು ಮಸ್ಟ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್ ಆನ್ ಆ್ಯನ್ ಎಂಪ್ಟಿ ಸ್ಟಮಕ್’ ಎಂಬ ವೈದ್ಯರ ಮಾತು ನಿಮ್ಮ ಕನ್ನಡದಲ್ಲಿ ‘ಈ ಮಾತ್ರೆಯನ್ನು ಬರಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕೆಂದಿಲ್ಲ’ ಎಂದಾಗಿದೆ. ಇದನ್ನು ಕಲಿತ ಹುಡುಗಿ ನಾಳೆ ತನ್ನ ಅಜ್ಜಿಗೆ ಮಾತ್ರೆಯ ಚೀಟಿ ಓದಿ ಹೇಳುವವಳು. ಊಟಕ್ಕೆ ಮೊದಲೂ ನುಂಗಬಹುದು, ಅಡ್ಡಿಯಿಲ್ಲ ಎಂದೇ ಅವಳು ಹೇಳುತ್ತಾಳೆ. ಮೂರನೆಯದು ‘ಹಿ ನೀಡ್ಸ್ ನಾಟ್ ಟು ಕಮ್’. ನೀಡ್ ಮೋಡಲ್‌ನಂತೆ ನಡೆದರೆ ಕೊನೆಯ ‘ಸ್’ ಬರುವುದಿಲ್ಲ, ‘ಟು’ ಸಹ ಬರುವುದಿಲ್ಲ: ‘ಹಿ ನೀಡ್ ನಾಟ್ ಕಮ್’. ಸಾಮಾನ್ಯ ಕ್ರಿಯಾಪದವಾಗಿ ನಡೆದರೆ ‘ಹಿ ಡಸಂಟ್ ನೀಡ್ ಟು ಕಮ್’. ನೀವು ಎರಡು ರೀತಿಗಳನ್ನು ಬೆಸೆದು ಮೂರನೆಯದೊಂದನ್ನು ಮಾಡಿದ್ದೀರಿ. ಸೆಮಿ ಮೋಡಲ್ ಎಂಬ ಹೆಸರು ಬಂದದ್ದೇ ಇಂಥ ಇಬ್ಬಗೆಯ ನಡೆಯಿಂದ ಎಂಬುದನ್ನು ಹೇಳಲು ಅದೇ ಸರಿಯಾದ ಜಾಗವಾಗಿತ್ತು.

ಗೊಂದಲದ ಮೂಲ ‘ನಾಟ್’ ಎಂಬುದು ಯಾವುದನ್ನು ಅಲ್ಲಗಳೆಯುತ್ತದೆ ಎಂಬಲ್ಲಿದೆ. ‘ಮಸ್ಟ್ ನಾಟ್ ಗೋ’ ಎಂದಾಗ ಅದು ಹೋಗುವುದನ್ನು ಅಲ್ಲಗಳೆಯುತ್ತದೆ, ಕಟ್ಟುಪಾಡು ಹಾಗೆಯೇ ಉಳಿಯುತ್ತದೆ. ‘ನೀಡ್ ನಾಟ್ ಗೋ’ ಎಂದಾಗ ಕಟ್ಟುಪಾಡನ್ನೇ ಅಲ್ಲಗಳೆಯುತ್ತದೆ, ಹೋಗುವುದು ಬಿಡುವುದು ಕೇಳಿದವನ ಇಷ್ಟ. ನನಗೆ ಬೇಸರವಾಗುವುದು ಏಕೆಂದರೆ, ಈ ಭೇದ ಕನ್ನಡದ ಮಗುವಿಗೆ ಹೊಸದಲ್ಲ. ‘ಹೋಗಬೇಕು’ ಎಂಬುದಕ್ಕೆ ನಮ್ಮಲ್ಲಿಯೂ ಎರಡು ನಿಷೇಧಗಳಿವೆ: ಹೋಗಕೂಡದು, ಹೋಗಬೇಕಾಗಿಲ್ಲ. ಐದು ವರ್ಷದ ಮಗುವೂ ಇವೆರಡನ್ನು ಕಲಸುವುದಿಲ್ಲ. ಅಷ್ಟೇಕೆ, ‘ಅವರು ಮನೆಯಲ್ಲಿರಬೇಕು’ ಎಂದರೆ ಅಪ್ಪಣೆಯೂ ಆಗಬಹುದು, ಊಹೆಯೂ ಆಗಬಹುದು. ‘ಮಸ್ಟ್’ ಕೂಡ ಹಾಗೆಯೇ ನಡೆಯುತ್ತದೆ. ‘ಹೋಗಿರಬೇಕು’ ಎಂದರೆ ಊಹೆ, ‘ಹೋಗಬೇಕಾಯಿತು’ ಎಂದರೆ ನಡೆದುಹೋದ ಅನಿವಾರ್ಯ. ಇಂಗ್ಲಿಷಿನಲ್ಲಿ ಮೊದಲನೆಯದು ‘ಮಸ್ಟ್ ಹ್ಯಾವ್ ಗಾನ್’, ಎರಡನೆಯದು ‘ಹ್ಯಾಡ್ ಟು ಗೋ’. ಮಕ್ಕಳ ನಾಲಿಗೆಯ ಮೇಲೆ ಆಗಲೇ ಇರುವ ಈ ತಿಳಿವಳಿಕೆಯ ಮೇಲೆ ಪಾಠ ಕಟ್ಟುವುದನ್ನು ಬಿಟ್ಟು, ಅದನ್ನು ಅಳಿಸಿಹಾಕುವ ಕೋಷ್ಟಕವನ್ನು ಅವರ ಕೈಗೆ ಕೊಟ್ಟಿದ್ದೀರಿ.

ನಾನು ಈ ಕೆಲಸ ಕಲಿತದ್ದು ಪಠ್ಯಪೂರಕ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಒಂದು ಕಚೇರಿಯಲ್ಲಿ, ಕರಡು ತಿದ್ದುವವನಾಗಿ. ಅಲ್ಲಿದ್ದ ಹಿರಿಯರೊಬ್ಬರು ವ್ಯಾಕರಣದ ಉದಾಹರಣೆ ಬಂದಾಗಲೆಲ್ಲ ಕೆಂಪು ಪೆನ್ಸಿಲನ್ನು ಕೆಳಗಿಟ್ಟು, ‘ಇದನ್ನು ಯಾರು ಯಾರಿಗೆ ಹೇಳಿದರು?’ ಎಂದು ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಉದಾಹರಣೆ ಹೋಗುತ್ತಿತ್ತು. ಒಮ್ಮೆ ಪರೀಕ್ಷಾ ಸೂಚನೆಗಳ ಹಾಳೆಯೊಂದನ್ನು ನನ್ನ ಮುಂದಿಟ್ಟು, ಪ್ರತಿ ಸಾಲಿನ ಅಂಚಿನಲ್ಲಿ ‘ಅಭ್ಯರ್ಥಿ ಹೀಗೆ ಮಾಡಿಬಿಟ್ಟರೆ ಏನಾಗುತ್ತದೆ?’ ಎಂಬುದಕ್ಕೆ ಉತ್ತರ ಬರೆಯಿಸಿದರು. ಉತ್ತರಪತ್ರಿಕೆಯ ಒಳಪುಟದಲ್ಲಿ ಹೆಸರು ಬರೆದರೆ ತಪ್ಪು, ಹಾಗಾಗಿ ಅಲ್ಲಿ ‘ಮಸ್ಟ್ ನಾಟ್’. ಪ್ರಶ್ನೆಯನ್ನು ಪೂರ್ತಿ ನಕಲು ಮಾಡಿದರೆ ಸಮಯ ಹೋಗುತ್ತದೆಯೇ ಹೊರತು ತಪ್ಪಲ್ಲ, ಹಾಗಾಗಿ ಅಲ್ಲಿ ‘ನೀಡ್ ನಾಟ್’. ಅಂದು ಸಂಜೆಯವರೆಗೂ ಅದೊಂದೇ ಹಾಳೆ ನನ್ನ ಮೇಜಿನ ಮೇಲಿತ್ತು. ನನಗೆ ಆ ಒಂದು ಪ್ರಶ್ನೆ ಕಲಿಸಿದಷ್ಟನ್ನು ಯಾವ ಕೋಷ್ಟಕವೂ ಕಲಿಸಿಲ್ಲ.

ನನ್ನನ್ನು ಕಾಡಿದ ಇನ್ನೊಂದು ಸಂಗತಿ ‘ಕುಡ್’. ‘ಕ್ಯಾನ್‌ನ ಭೂತಕಾಲ ಕುಡ್’ ಎಂದಷ್ಟೇ ಹೇಳಿ, ‘ಯೆಸ್ಟರ್ಡೇ ಐ ಕುಡ್ ಕ್ಯಾಚ್ ದ ಬಸ್’ ಎಂಬ ಉದಾಹರಣೆ ಕೊಟ್ಟಿದ್ದೀರಿ. ನಿನ್ನೆ ಓಡಿಹೋಗಿ ಬಸ್ಸು ಹಿಡಿದೆ ಎನ್ನಲು ಇಂಗ್ಲಿಷ್ ಬಲ್ಲವರು ‘ಐ ವಾಸ್ ಏಬಲ್ ಟು ಕ್ಯಾಚ್’ ಅಥವಾ ‘ಐ ಮ್ಯಾನೇಜ್ಡ್ ಟು ಕ್ಯಾಚ್’ ಎನ್ನುತ್ತಾರೆ. ಹಿಂದೆ ಇದ್ದ ಸಾಮಾನ್ಯ ಸಾಮರ್ಥ್ಯಕ್ಕೆ ‘ಕುಡ್’ ಸಲ್ಲುತ್ತದೆ: ಬಾಲ್ಯದಲ್ಲಿ ಈಜು ಬರುತ್ತಿತ್ತು ಎನ್ನುವಾಗ ‘ಐ ಕುಡ್ ಸ್ವಿಮ್’. ಒಂದು ಸಲ ಮಾಡಿ ಗೆದ್ದ ಕೆಲಸಕ್ಕೆ ಅದು ಸಾಮಾನ್ಯವಾಗಿ ಸಲ್ಲದು. ನಿಷೇಧದಲ್ಲಿ ಮಾತ್ರ ಈ ತೊಡಕಿಲ್ಲ. ‘ಐ ಕುಡಂಟ್ ಕ್ಯಾಚ್ ದ ಬಸ್’ ಸರಿಯಾದ ವಾಕ್ಯ. ಕಾಣುವ, ಕೇಳುವ ಕ್ರಿಯೆಗಳೊಂದಿಗೆ ಒಂದೇ ಸಲದ ಅನುಭವಕ್ಕೂ ‘ಕುಡ್’ ಬರುತ್ತದೆ. ಇನ್ನು ‘ಕುಡ್ ಹ್ಯಾವ್ ಕಾಟ್’ ಎಂದರೆ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಬಸ್ಸು ಹಿಡಿದವನು, ತಪ್ಪಿಸಿಕೊಂಡವನು, ಹಿಡಿಯಬಹುದಾಗಿದ್ದೂ ಬಿಟ್ಟವನು, ಈ ಮೂವರೂ ನಿಮ್ಮ ಪಾಠ ಓದಿದ ವಿದ್ಯಾರ್ಥಿಗೆ ಒಬ್ಬನಂತೆಯೇ ಕಾಣುತ್ತಾರೆ.

ಲೇಖನದ ಉಳಿದ ಭಾಗದ ಬಗ್ಗೆ ಈಗ ಏನನ್ನೂ ಹೇಳುವುದಿಲ್ಲ. ಕೋಷ್ಟಕವನ್ನು ಪೂರ್ತಿ ತೆಗೆದುಹಾಕಿ. ‘ಡೇರ್’ ಮತ್ತು ‘ಆಟ್ ಟು’ ಕುರಿತ ಪುಟಗಳನ್ನು ಸದ್ಯಕ್ಕೆ ಬದಿಗಿರಿಸಿ, ಮಸ್ಟ್, ನೀಡ್, ಹ್ಯಾವ್ ಟು ಈ ಮೂರನ್ನು ಮಾತ್ರ ಇಟ್ಟುಕೊಂಡು ಮತ್ತೆ ಬರೆಯಿರಿ. ಪ್ರತಿ ಉದಾಹರಣೆಯ ಪಕ್ಕದಲ್ಲಿ ಹೇಳಿದವರು ಯಾರು, ಕೇಳಿದವರು ಯಾರು, ಕೇಳಿದವರು ಆ ಕೆಲಸ ಮಾಡಿಬಿಟ್ಟರೆ ತಪ್ಪಾಗುತ್ತದೆಯೇ ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಕಳುಹಿಸಿ. ಆ ಸಾಲುಗಳನ್ನು ಅಚ್ಚಿಗೆ ಹಾಕುವುದಿಲ್ಲ, ಆದರೆ ಲೇಖನಕ್ಕಿಂತ ಮೊದಲು ನಾನು ಅವನ್ನೇ ಓದುತ್ತೇನೆ.

ಇತಿ,
ಸಂಪಾದಕ